ಪ್ಯಾನೆಲ್ ಮೇಲಿನ ಬೆಳ್ಳಿ ಗೆರೆ

ಮೊನ್ನೆ ಬೋರ್‌ವೆಲ್ ಹತ್ರ ಸೋಲಾರ್ ಪ್ಯಾನೆಲ್ ಒರೆಸ್ತಾ ಇದ್ದೆ. ಪಕ್ಕದ ತೋಟದ ಅಣ್ಣ ಬಂದ್ರು. "ಇನ್ಮೇಲೆ ಪ್ಯಾನೆಲ್ಲೂ ಪ್ರಿಂಟರ್‌ನಲ್ಲೇ ಬರುತ್ತಂತೆ ಕಣಪ್ಪ, ತ್ರೀಡಿ ಪ್ರಿಂಟಿಂಗು. ಆಮೇಲೇ ಹಾಕಿಸ್ತೀನಿ" ಅಂದ್ರು. ಮೊಬೈಲಲ್ಲಿ ವಿಡಿಯೋ ನೋಡಿದ್ರಂತೆ. ಈ ಆಸೆ ಹೊಸದಲ್ಲ, ಅದಕ್ಕೇ ಹಳೇ ಕತೆ ಬರೀತಿದೀನಿ.

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಸಿಲಿಕಾನ್ ಸೆಲ್ ತೋರಿಸಿದಾಗ, ಬಿದ್ದ ಬಿಸಿಲಿನಲ್ಲಿ ಕರೆಂಟ್ ಆಗ್ತಿದ್ದದ್ದು ಸುಮಾರು 6% ಮಾತ್ರ. ವಿಪರೀತ ದುಬಾರಿ. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದ ಮೇಲೆ ಕೂತು ಆಕಾಶಕ್ಕೆ ಹೋಯ್ತು, ಹೊಲಕ್ಕೆ ಬರಲಿಲ್ಲ. 1970ರ ದಶಕದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಬಂತು. ನಿಮ್ಮ ಪ್ಯಾನೆಲ್ ಹತ್ರ ಬಗ್ಗಿ ನೋಡಿ, ಕೂದಲೆಳೆಯಂಥ ಗೆರೆಗಳಿರ್ತವೆ. ಮದುವೆ ಕಾರ್ಡಿಗೆ ಅಚ್ಚು ಹಾಕೋ ಥರಾನೇ ಜಾಲರಿ ಮೇಲೆ ಬೆಳ್ಳಿ ಪೇಸ್ಟ್ ಎಳೆದು, ಕುಲುಮೆಯಲ್ಲಿ ಕಾಯಿಸಿದ ಗೆರೆ ಅವು. ಅಂದ್ರೆ ಪ್ರಿಂಟಿಂಗು ಆಗಲೇ ನಮ್ಮ ತೋಟಕ್ಕೆ ಬಂದಾಗಿದೆ!

ಆಮೇಲಿನ ಆಸೆ, ಸಿಲಿಕಾನ್ ಬಿಟ್ಟು ಇಡೀ ಸೆಲ್ಲನ್ನೇ ಶಾಯಿ ಮಾಡಿ ಪೇಪರಿನ ಥರ ಅಚ್ಚು ಹಾಕೋದು. ಕ್ಯಾಲಿಫೋರ್ನಿಯಾದ ನ್ಯಾನೋಸೋಲಾರ್ ಕಂಪನಿ ಅಲ್ಯೂಮಿನಿಯಂ ಹಾಳೆ ಮೇಲೆ ತಾಮ್ರ, ಇಂಡಿಯಂ ಬೆರೆತ ಶಾಯಿ ಹಾಕಿ 2007ರ ಕೊನೆಗೆ ಮಾಲು ಕಳಿಸ್ತು. ಕೊನಾರ್ಕಾ ಅಂತ ಇನ್ನೊಂದು. ನಮ್ಮ ಕೋನಾರ್ಕದ ಸೂರ್ಯ ದೇವಸ್ಥಾನದ್ದೇ ಹೆಸರು. ಅದರದ್ದು ಪ್ಲಾಸ್ಟಿಕ್ ಶಾಯಿ. ನೊಬೆಲ್ ಪಡೆದ ಅಲನ್ ಹೀಗರ್ ಸ್ಥಾಪಕರಲ್ಲೊಬ್ಬರು. ಆದ್ರೆ ಅಷ್ಟರಲ್ಲಿ ಚೀನಾದ ಕಾರ್ಖಾನೆಗಳಿಂದ ಸಿಲಿಕಾನ್ ಪ್ಯಾನೆಲ್ ರೇಟು ಪಾತಾಳಕ್ಕಿಳೀತು. ಕೊನಾರ್ಕಾ 2012ರಲ್ಲಿ ದಿವಾಳಿ, ನ್ಯಾನೋಸೋಲಾರ್ ಮರುವರ್ಷ ಬಾಗಿಲು ಹಾಕ್ತು. ಮಾರ್ಕೆಟ್ ರೇಟಿಗೆ ಸಿಕ್ಕಿ ನೆಲಕಚ್ಚೋದು ಟೊಮೇಟೊ ಒಂದೇ ಅಲ್ಲ.

ಈಗ ವಿಡಿಯೋಗಳಲ್ಲಿ ಬರ್ತಿರೋದು ಹೆಚ್ಚಾಗಿ ಪೆರೋವ್‌ಸ್ಕೈಟ್ ಅನ್ನೋ ವಸ್ತು. ಜಪಾನಿನಲ್ಲಿ 2009ರಲ್ಲಿ 3.8% ಕೊಟ್ಟದ್ದು ಈಗ ಲ್ಯಾಬಲ್ಲಿ 25% ದಾಟಿದೆ. ಭಲೇ ಓಟ. ಆದ್ರೆ ನೀರಿನ ಪಸೆ ತಾಗಿದ್ರೆ ಕೆಡುತ್ತೆ, ಒಳಗೆ ಸೀಸವೂ ಇರುತ್ತೆ. ತ್ರೀಡಿ ಅಂತ ಹೆಸರಿಟ್ರೂ ಬಹುತೇಕ ಕಡೆ ನಡೀತಿರೋದು ಪದರದ ಮೇಲೆ ಪದರ ಶಾಯಿ ಬಳಿಯೋ ಕೆಲಸವೇ. ಸಿಲಿಕಾನ್ ಪ್ಯಾನೆಲ್ಲಿಗೆ 25 ವರ್ಷ ವಾರಂಟಿ ಕೊಡ್ತಾರೆ. ನಮ್ಮ ಮಳೆ, ಧೂಳು, ಬಿಸಿಲಿನಲ್ಲಿ ಶಾಯಿ ಪ್ಯಾನೆಲ್ ಅಷ್ಟು ದಿನ ನಿಲ್ಲೋದನ್ನ ಕಣ್ಣಾರೆ ನೋಡೋವರೆಗೂ ನಾನಂತೂ ದುಡ್ಡು ಹಾಕಲ್ಲ.

"ಅಲ್ಲೀವರೆಗೂ ರಾತ್ರಿ ಎರಡು ಗಂಟೆಗೆದ್ದು ತ್ರೀಫೇಸ್ ಕಾಯ್ತೀರಾ ಅಣ್ಣ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಪ್‌ಸೆಟ್ ಅರ್ಜಿಗೆ ಪಹಣಿ ಯಾವ ವರ್ಷದ್ದು ಬೇಕು?" ಅಂದ್ರು.