ತಿಪ್ಪನೆಂಬ ಹೆಸರು

ಪರಶುರಾಂಪುರದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳು ವಿಪುಲವಾಗಿವೆ. ಇವೆಲ್ಲವೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಣ ಭಕ್ತಿಯಿಂದ ಬಂದವೆಂದು ಸಾಮಾನ್ಯವಾಗಿ ಭಾವಿಸುವರು. ಸ್ವಾಮಿ, ರುದ್ರ ಎಂಬ ಪದಗಳು ಕೂಡಿದಲ್ಲಿ ಇದು ಒಪ್ಪತಕ್ಕುದೇ. ಬರಿಯ ತಿಪ್ಪನ ಮಾತು ಬೇರೆ. 15ನೆಯ ಶತಮಾನದಲ್ಲಿ ಇಮ್ಮಡಿ ದೇವರಾಯನ ಸೋದರಿಯನ್ನು ವರಿಸಿದ ಸಾಳುವ ತಿಪ್ಪನೂ ಈ ಹೆಸರಿನವನೇ. ಅವನನ್ನು ನಾಯಕನಹಟ್ಟಿಯ ಒಕ್ಕಲೆನ್ನುವವರಾರು?

ತಿಪ್ಪೆಯೆಂದರೆ ಗೊಬ್ಬರದ ರಾಶಿ. ಕೂಸುಗಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದುದನ್ನು ತಿಪ್ಪೆಯ ಮೇಲೆ ಹೊರಳಿಸಿ, ಇದು ಬಿಸುಟ ವಸ್ತುವೆಂದು ಮೃತ್ಯುವನ್ನು ವಂಚಿಸಿ, ಮರಳಿ ಎತ್ತಿಕೊಂಡು ಆ ಹೆಸರನ್ನೇ ಇಡುವ ಪದ್ಧತಿ ದಕ್ಷಿಣದೇಶದಲ್ಲಿ ಬಹುಕಡೆ ಇದ್ದಿತು. ತಮಿಳರ ಕುಪ್ಪುಸ್ವಾಮಿಯಲ್ಲಿಯೂ, ಈ ಸೀಮೆಗೆ ನೆರೆಯವರಾದ ತೆಲುಗರ ಪೆಂಟಯ್ಯನಲ್ಲಿಯೂ ಇರುವುದು ಇದೇ ತಿಪ್ಪೆ.

ದೂರದ ಜಪಾನಿನಲ್ಲಿಯೂ ಈ ಉಪಾಯವುಂಟು. ಅಲ್ಲಿಯ ಅಧಿಪತಿ ಹಿದೆಯೋಷಿಯು 1589ರಲ್ಲಿ ಹುಟ್ಟಿದ ಮಗನನ್ನು ‘ಸುತೆ’, ಎಂದರೆ ಬಿಸುಟವನು, ಎಂದು ಕರೆದನು. ಆ ಕೂಸು 1591ರಲ್ಲಿ ತೀರಿಹೋಯಿತು. 1593ರಲ್ಲಿ ಹುಟ್ಟಿದವನು ‘ಹಿರೊಯಿ’, ಆಯ್ದುಕೊಂಡವನು.

ಆದುದರಿಂದ ವಂಶಾವಳಿಯಲ್ಲಿ ಬರಿಯ ತಿಪ್ಪನು ಕಂಡರೆ, ಅವನಿಗಿಂತ ಮೊದಲು ಹುಟ್ಟಿ ಅಳಿದ ಕೂಸುಗಳೆಷ್ಟೆಂದು ಮೊದಲು ವಿಚಾರಿಸತಕ್ಕುದು. ತಾತನ ಹೆಸರು ಮೊಮ್ಮಗನಿಗೆ ಇಳಿಯುವ ರೂಢಿಯಿರುವುದರಿಂದ, ಆ ದುಃಖವು ಅವನ ಕಾಲದ್ದಾಗಿರದೆ ಎರಡು ತಲೆಗಳ ಹಿಂದಿನದೂ ಆಗಿರಬಹುದು.