ಹಾಟ್ ಸೀಟಿಗೆ ಹೊರಟವರು ಓದಬೇಕಾದ ಹಳೆಯ ಕಥೆ

ಟಿವಿಯಲ್ಲಿ ಕೋಟಿ ರೂಪಾಯಿ ರಸಪ್ರಶ್ನೆಯ ಹೊಸ ಸೀಸನ್ ಘೋಷಣೆಯಾದ ಕೂಡಲೇ ನಮ್ಮ ಊರುಗಳಲ್ಲಿ ಎರಡು ಥರದ ಜನ ಚುರುಕಾಗುತ್ತಾರೆ. ಒಬ್ಬರು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ವರ್ಷಗಟ್ಟಲೆ ಓದುತ್ತಾ ಕೂತ ಪದವೀಧರರು. ಇನ್ನೊಬ್ಬರು ‘ನಿಮಗೆ 25 ಲಕ್ಷ ಲಾಟರಿ ಹೊಡೆದಿದೆ, ಮೊದಲು ಶುಲ್ಕ ಕಟ್ಟಿ’ ಎಂದು ವಾಟ್ಸಾಪ್ ಕಳಿಸುವ ವಂಚಕರು. ಎರಡನೆಯವರ ಬಗ್ಗೆ ಪೊಲೀಸರು ಆಗಾಗ ಎಚ್ಚರಿಸುತ್ತಲೇ ಇರುತ್ತಾರೆ. ನಾವಿಲ್ಲಿ ಬರೆಯುತ್ತಿರುವುದು ಮೊದಲನೆಯವರಿಗಾಗಿ.

ಇವರ ತಯಾರಿ ಎಂದರೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ, ಪ್ರಚಲಿತ ವಿದ್ಯಮಾನದ ಪಿಡಿಎಫ್, ಯೂಟ್ಯೂಬಿನ ಹಳೆಯ ಕಂತುಗಳು. ನದಿಗಳ ಉಗಮ, ಜ್ಞಾನಪೀಠ ಬಂದ ವರ್ಷ ಎಲ್ಲವೂ ಬಾಯಲ್ಲೇ ಇರುತ್ತದೆ. ಆದರೆ ತಾವು ಆಡಲು ಹೊರಟ ಆಟ ಎಲ್ಲಿಂದ ಬಂತು, ಅದರಲ್ಲಿ ಕೂತವರಿಗೆ ಹಿಂದೆ ಏನೇನಾಯಿತು ಎಂಬುದನ್ನು ಯಾವ ಗೈಡೂ ಹೇಳುವುದಿಲ್ಲ. ಅದನ್ನು ತಿಳಿಯಬೇಕೆಂದರೆ 1950ರ ದಶಕದ ನ್ಯೂಯಾರ್ಕಿಗೆ ಹೋಗಬೇಕು.

ಅಮೆರಿಕದ ರೇಡಿಯೊದಲ್ಲಿ ಅದಕ್ಕೂ ಮೊದಲು ರಸಪ್ರಶ್ನೆ ಇತ್ತು. ಅಲ್ಲಿನ ಒಂದು ಜನಪ್ರಿಯ ಕಾರ್ಯಕ್ರಮದ ಕೊನೆಯ ಪ್ರಶ್ನೆಯ ಬೆಲೆ ಬರೀ 64 ಡಾಲರ್. ಬಹುಮಾನ ಹಂಚುವ ಕಾರ್ಯಕ್ರಮಗಳು ಲಾಟರಿ ಅಲ್ಲ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದೊಡ್ಡ ಮೊತ್ತಕ್ಕೆ ದಾರಿ ತೆರೆಯಿತು. 1955ರ ಜೂನ್ 7ರಂದು ಸಿಬಿಎಸ್ ಟಿವಿಯಲ್ಲಿ ಅದೇ 64ರ ಮುಂದೆ ಮೂರು ಸೊನ್ನೆ ಸೇರಿಸಿ ‘ದಿ ಸಿಕ್ಸ್ಟಿ ಫೋರ್ ಥೌಸಂಡ್ ಡಾಲರ್ ಕ್ವೆಶ್ಚನ್’ ಶುರುವಾಯಿತು. ದುಡ್ಡು ಹಾಕಿದ್ದು ತುಟಿರಂಗು ಮಾರುವ ರೆವ್ಲಾನ್ ಕಂಪನಿ. ಉತ್ತರ ಹೇಳುತ್ತಾ ಹೋದಂತೆ ಮೊತ್ತ ಇಮ್ಮಡಿ. ‘ಇಲ್ಲಿಗೆ ನಿಲ್ಲಿಸುತ್ತೀರಾ, ಮುಂದೆ ಹೋಗುತ್ತೀರಾ?’ ಎಂದು ನಾವೀಗ ಹಾಟ್ ಸೀಟಿನಲ್ಲಿ ಕೇಳುವ ಸಂಕಟದ ಪ್ರಶ್ನೆ ಆಗಲೇ ಅಲ್ಲಿತ್ತು. ಹೊರಗಿನ ಸದ್ದು ಕೇಳದ ಗಾಜಿನ ಗೂಡೂ ಇತ್ತು.

ಆ ಕಾರ್ಯಕ್ರಮ ಬರೀ ಬುದ್ಧಿವಂತರನ್ನು ಹುಡುಕುತ್ತಿರಲಿಲ್ಲ. ನೋಡುಗರು ‘ಅರೆ, ಇವನಿಗೆ ಇದು ಹೇಗೆ ಗೊತ್ತು?’ ಎನ್ನುವಂಥವರು ಅದಕ್ಕೆ ಬೇಕಿತ್ತು. ಮೊದಲು 64 ಸಾವಿರ ಗೆದ್ದವರು ರಿಚರ್ಡ್ ಮೆಕ್‌ಕಚನ್. ಸೇನೆಯ ಕ್ಯಾಪ್ಟನ್, ಆಯ್ದುಕೊಂಡ ವಿಷಯ ಅಡುಗೆ. ಮನಶ್ಶಾಸ್ತ್ರಜ್ಞೆ ಜಾಯ್ಸ್ ಬ್ರದರ್ಸ್ ಈ ಗುಟ್ಟನ್ನು ಹಿಡಿದು ಮುಷ್ಟಿಯುದ್ಧದ ಇತಿಹಾಸವನ್ನೇ ಬಾಯಿಪಾಠ ಮಾಡಿ ಬಂದು, ಅದೇ ವರ್ಷ ಅಷ್ಟೂ ಹಣ ಗೆದ್ದರು. ಜೀನೊ ಪ್ರಾಟೊ ಎಂಬ ಚಪ್ಪಲಿ ಹೊಲಿಯುವಾತ ಸಂಗೀತ ನಾಟಕದ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುತ್ತಾ 32 ಸಾವಿರಕ್ಕೆ ಬಂದು ನಿಂತ. ಇಟಲಿಯಲ್ಲಿದ್ದ ಮುದಿ ತಂದೆ ಇನ್ನು ಸಾಕು ಎಂದು ತಂತಿ ಕಳಿಸಿದ. ಮಗ ನಿಲ್ಲಿಸಿಬಿಟ್ಟ! ಇಡೀ ಈ ಇತಿಹಾಸದಲ್ಲಿ ನಮಗೆ ಅತ್ಯಂತ ಇಷ್ಟವಾದ ವ್ಯಕ್ತಿ ಆ ಅಪ್ಪ.

ಪಕ್ಕದ ಅಂಗಡಿಯಲ್ಲಿ ವ್ಯಾಪಾರ ಜೋರಾದರೆ ನಾವೂ ಒಂದು ತೆರೆಯೋಣ ಎನಿಸುತ್ತದೆ. 1956ರ ಸೆಪ್ಟೆಂಬರ್ 12ರಂದು ಎನ್‌ಬಿಸಿ ‘ಟ್ವೆಂಟಿ ಒನ್’ ಆರಂಭಿಸಿತು. ನಿರ್ಮಾಪಕರು ಜ್ಯಾಕ್ ಬ್ಯಾರಿ ಮತ್ತು ಡ್ಯಾನ್ ಎನ್‌ರೈಟ್. ನಿರೂಪಕನೂ ಬ್ಯಾರಿಯೇ. ಪ್ರಾಯೋಜಕರು ಜೆರಿಟಾಲ್ ಎಂಬ ಟಾನಿಕ್ ಮಾರುವವರು. ಎರಡು ಗೂಡುಗಳಲ್ಲಿ ಇಬ್ಬರು ಸ್ಪರ್ಧಿಗಳು, 1ರಿಂದ 11 ಅಂಕದವರೆಗಿನ ಪ್ರಶ್ನೆಗಳು, ಯಾರು ಮೊದಲು 21 ಮುಟ್ಟುತ್ತಾರೋ ಅವರು ಗೆದ್ದಂತೆ. ಮೊದಲ ಕಂತು ಪ್ರಾಮಾಣಿಕವಾಗಿಯೇ ನಡೆಯಿತು. ಪರಿಣಾಮ ಭೀಕರ. ಸ್ಪರ್ಧಿಗಳು ಒಂದರ ಹಿಂದೊಂದು ಪ್ರಶ್ನೆ ತಪ್ಪಿಸಿದರು, ಆಟ ಸಪ್ಪೆಯಾಯಿತು. ಮಾರನೇ ದಿನ ಪ್ರಾಯೋಜಕರು ಸಿಟ್ಟಿನಿಂದ ಫೋನ್ ಮಾಡಿ, ಇನ್ನೊಮ್ಮೆ ಹೀಗಾಗಕೂಡದು ಎಂದರು. ಅಲ್ಲಿಂದ ಆಚೆಗೆ ಆಟ ಮೊದಲೇ ಬರೆದಿಟ್ಟ ನಾಟಕವಾಯಿತು.

ಮೋಸ ಶುರುವಾದದ್ದು ಯಾರೋ ಖದೀಮ ಸ್ಪರ್ಧಿಯಿಂದಲ್ಲ ಎಂಬುದನ್ನು ಗಮನಿಸಬೇಕು. ಟಾನಿಕ್ ಮಾರಾಟವಾಗಬೇಕಿತ್ತು, ಅದಕ್ಕೆ ಜನ ಟಿವಿ ಮುಂದೆ ಕೂರಬೇಕಿತ್ತು. ನಿಜವಾದ ಜ್ಞಾನವಾದರೋ ಅಷ್ಟು ರಂಜನೀಯವಾಗಿರಲಿಲ್ಲ.

ಹರ್ಬರ್ಟ್ ಸ್ಟೆಂಪೆಲ್ ಎಂಬಾತ ನ್ಯೂಯಾರ್ಕಿನ ಸಿಟಿ ಕಾಲೇಜಿನ ವಿದ್ಯಾರ್ಥಿ. ಸೇನೆಯಲ್ಲಿದ್ದು ಬಂದವನು, ಮದುವೆಯಾಗಿ ಮಗುವೂ ಇತ್ತು. ನೆನಪಿನ ಶಕ್ತಿ ಅಸಾಧಾರಣ, ಯಾರೂ ಹೇಳಿಕೊಡದಿದ್ದರೂ ಬಹಳಷ್ಟು ಗೆಲ್ಲಬಲ್ಲವನು. ಎನ್‌ರೈಟ್ ಅವನ ಮನೆಗೇ ಹೋಗಿ ಪ್ರಶ್ನೆ ಉತ್ತರಗಳ ಅಭ್ಯಾಸ ಮಾಡಿಸಿದ. ಅದಷ್ಟೇ ಆಗಿದ್ದರೆ ಒಂದು ಮಾತು. ಅಳತೆಗೆ ಕೂರದ ಸೂಟು ಹಾಕಿಸಿದರು. ತಲೆಕೂದಲನ್ನು ಮೋಟಾಗಿ ಕತ್ತರಿಸಿಕೊಳ್ಳಲು ಹೇಳಿದರು. ಕೈಗೆ ಅಗ್ಗದ ಗಡಿಯಾರ. ನಿರೂಪಕನನ್ನು ಎಲ್ಲರೂ ಹೆಸರು ಹಿಡಿದು ಕರೆದರೆ ಇವನು ಮಾತ್ರ ‘ಮಿಸ್ಟರ್ ಬ್ಯಾರಿ’ ಎನ್ನಬೇಕು. ಯಾವಾಗ ಹಣೆ ಒರೆಸಬೇಕು, ಎಷ್ಟು ಹೊತ್ತು ತಡವರಿಸಬೇಕು ಎಂಬುದೂ ಮೊದಲೇ ನಿಗದಿ. ಬೆವರು ಬರಲೆಂದು ಗೂಡಿನ ಏಸಿ ಆರಿಸಿಬಿಡುತ್ತಿದ್ದರು. ಬಡವನ ಪಾತ್ರಕ್ಕೆ ಅವನನ್ನು ಆರಿಸಿದ್ದರು, ಅಷ್ಟೆ. ಟಿವಿಯಲ್ಲಿ ಹಳ್ಳಿಯ ಸ್ಪರ್ಧಿ ಬಂದಾಗ ಅವರ ಸೋರುವ ಮಾಡು, ಅಮ್ಮನ ಕಣ್ಣೀರು, ಹಿನ್ನೆಲೆಗೆ ಪಿಟೀಲು ಇವುಗಳನ್ನು ಎಷ್ಟು ಹೊತ್ತು ತೋರಿಸುತ್ತಾರೆ, ಅವರ ಓದನ್ನು ಎಷ್ಟು ಹೊತ್ತು ತೋರಿಸುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಅದು ಮೋಸವಲ್ಲ. ಆದರೆ ನಿಮ್ಮ ಪಾತ್ರವನ್ನು ಬರೆಯುವವರು ಬೇರೆಯವರು.

ಕೆಲವು ವಾರ ಕಳೆದ ಮೇಲೆ ಸ್ಟೆಂಪೆಲ್ ಮುಖ ನೋಡುಗರಿಗೆ ಸಾಕಾಗಿದೆ ಎಂದು ತೀರ್ಮಾನವಾಯಿತು. ಬದಲಿಗೆ ಸಿಕ್ಕವನು ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ, ಹೆಸರಾಂತ ಕವಿ ಮಾರ್ಕ್ ವ್ಯಾನ್ ಡೋರೆನ್ ಅವರ ಮಗ, ನೋಡಲು ಲಕ್ಷಣವಂತ. 1956ರ ಡಿಸೆಂಬರ್ 5ರಂದು ಸ್ಟೆಂಪೆಲ್‌ಗೆ ಕೇಳಿದ್ದು 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಬಂತೆಂದು. ಉತ್ತರ ‘ಮಾರ್ಟಿ’. ಅವನು ಮೂರು ಸಲ ನೋಡಿ ಮೆಚ್ಚಿದ್ದ ಸಿನಿಮಾ! ಆದರೆ ಹೇಳಿಕೊಟ್ಟಂತೆ, ಹಿಂದಿನ ವರ್ಷ ಪ್ರಶಸ್ತಿ ಪಡೆದಿದ್ದ ‘ಆನ್ ದಿ ವಾಟರ್‌ಫ್ರಂಟ್’ ಎಂದು ಹೇಳಿ ಸೋತ. ಜಾತ್ರೆಯ ಕುಸ್ತಿಯಲ್ಲಿ ಮೊದಲೇ ಮಾತಾಡಿಕೊಂಡು ಬೆನ್ನು ತಾಗಿಸುವ ಪೈಲ್ವಾನನಿಗೆ ಮಾತ್ರ ಆ ಸಂಕಟ ಗೊತ್ತಿದ್ದೀತು. ಅವನಿಗೆ ಉಳಿದದ್ದು 49,500 ಡಾಲರ್. ವ್ಯಾನ್ ಡೋರೆನ್ 1,29,000 ಡಾಲರ್ ಗೆದ್ದ, 1957ರ ಫೆಬ್ರುವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದ, ಎನ್‌ಬಿಸಿಯಲ್ಲೇ ಕೆಲಸ ಪಡೆದ.

ಸ್ಟೆಂಪೆಲ್ ಸುಮ್ಮನಿರಲಿಲ್ಲ, ಪತ್ರಿಕೆಗಳ ಬಾಗಿಲು ಬಡಿದ. ಪುರಾವೆ ಇಲ್ಲದ್ದರಿಂದ, ಮಾನನಷ್ಟ ಮೊಕದ್ದಮೆಯ ಭಯದಿಂದ ಅವು ಅಚ್ಚು ಹಾಕಲಿಲ್ಲ. ಹೊಟ್ಟೆಕಿಚ್ಚಿನವನು ಎಂಬ ಹೆಸರು ಅವನಿಗೆ ಅಂಟಿತು. ಪತ್ರಿಕೋದ್ಯಮ ಓದಿದ ನಮಗೆ ಈ ಭಾಗ ಓದುವಾಗ ಸ್ವಲ್ಪ ಇರುಸುಮುರುಸಾಗುತ್ತದೆ.

ಗುಟ್ಟು ಒಡೆದದ್ದು ಬೇರೆ ಕಡೆ. 1958ರಲ್ಲಿ ‘ಡಾಟೊ’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಸರದಿ ಕಾಯುತ್ತಿದ್ದ ಒಬ್ಬನ ಕೈಗೆ ಗೆಲ್ಲುತ್ತಿದ್ದ ಸ್ಪರ್ಧಿಯ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಉತ್ತರಗಳಿದ್ದವು. ‘ಡಾಟೊ’ ನಿಂತುಹೋಯಿತು. ಆಮೇಲೆ ಹೊರಬಂದದ್ದು ‘ಟ್ವೆಂಟಿ ಒನ್’ನಲ್ಲಿ ಆಡಿದ್ದ ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಕಲಾವಿದನ ಜಾಣ್ಮೆ. ಪ್ರಸಾರಕ್ಕೆ ಮೊದಲೇ ತನಗೆ ಕೊಟ್ಟ ಪ್ರಶ್ನೆ ಉತ್ತರಗಳನ್ನು ಬರೆದು, ಲಕೋಟೆಗೆ ಹಾಕಿ, ತನ್ನದೇ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಂಡು, ಒಡೆಯದೆ ಇಟ್ಟಿದ್ದ. ಸೋಲಲು ಹೇಳಿದ್ದ ಪ್ರಶ್ನೆಯೊಂದಕ್ಕೆ ಸರಿ ಉತ್ತರ ಹೇಳಿ ನಿರ್ಮಾಪಕರನ್ನು ತಬ್ಬಿಬ್ಬು ಮಾಡಿದವನೂ ಅವನೇ. ಅಂಚೆ ಮುದ್ರೆಯ ಮೇಲಿನ ತಾರೀಖನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

ವಿಚಾರಣೆಯಲ್ಲಿ ಸುಮಾರು 150 ಜನ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಅವರಲ್ಲಿ ಸುಮಾರು 100 ಮಂದಿ ಸುಳ್ಳು ಹೇಳಿದ್ದರು ಎಂಬುದು ಸರ್ಕಾರಿ ವಕೀಲರ ಅಂದಾಜು. 1959ರ ನವೆಂಬರ್ 2ರಂದು ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಟಿವಿ ಕೆಲಸವೂ ಹೋಯಿತು, ಪಾಠ ಹೇಳುವ ಕೆಲಸವೂ ಹೋಯಿತು.

ಇಲ್ಲಿಯೇ ಸ್ಪರ್ಧಿಗಳು ನಿಂತು ಓದಬೇಕಾದ ಸಂಗತಿ ಇದೆ. ರಸಪ್ರಶ್ನೆಯನ್ನು ಮೊದಲೇ ನಿಗದಿ ಮಾಡುವುದು ಆಗ ಅಪರಾಧವೇ ಆಗಿರಲಿಲ್ಲ, ಆ ಬಗ್ಗೆ ಕಾನೂನೇ ಇರಲಿಲ್ಲ. ಅದನ್ನು ಅಪರಾಧ ಮಾಡಿದ್ದು 1960ರ ತಿದ್ದುಪಡಿ. ಆದರೆ ಪ್ರಮಾಣ ಮಾಡಿ ಸುಳ್ಳು ಹೇಳುವುದು ಆಗಲೂ ಅಪರಾಧ. ಹಾಗಾಗಿ 1962ರಲ್ಲಿ ತಪ್ಪೊಪ್ಪಿಕೊಂಡು ಕಟಕಟೆಯಲ್ಲಿ ನಿಂತವರು ವ್ಯಾನ್ ಡೋರೆನ್ ಸೇರಿದಂತೆ ಸ್ಪರ್ಧಿಗಳು. ಜೈಲೇನೋ ತಪ್ಪಿತು, ದಾಖಲೆಯಲ್ಲಿ ಅಪರಾಧಿ ಎಂಬ ಹೆಸರು ಉಳಿಯಿತು. ನಿರ್ಮಾಪಕರಲ್ಲಿ ಒಬ್ಬರೂ ಜೈಲು ಕಾಣಲಿಲ್ಲ. ಬ್ಯಾರಿ ಮತ್ತು ಎನ್‌ರೈಟ್ 1970ರ ದಶಕದಲ್ಲಿ ಹೊಸ ಕಾರ್ಯಕ್ರಮಗಳೊಂದಿಗೆ ಟಿವಿಗೆ ಮರಳಿದರು. ಟಾನಿಕ್ ಕಂಪನಿಯ ಕೂದಲೂ ಕೊಂಕಲಿಲ್ಲ. ಹಣ್ಣು ತಿಂದವನು ಜಾರಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಮುಂದಿನ ದಶಕಗಳಲ್ಲಿ ಕಾನೂನು ಬಿಗಿಯಾಯಿತು. ಆಮೇಲೆ ಬುದ್ಧಿ ಓಡಿಸಿದವರು ಕೆಲವು ಸ್ಪರ್ಧಿಗಳು. 1984ರಲ್ಲಿ ಮೈಕೆಲ್ ಲಾರ್ಸನ್ ಎಂಬ ಐಸ್‌ಕ್ರೀಂ ಗಾಡಿ ಓಡಿಸುತ್ತಿದ್ದವನು ‘ಪ್ರೆಸ್ ಯುವರ್ ಲಕ್’ ಕಾರ್ಯಕ್ರಮದ ಕಂತುಗಳನ್ನು ವಿಡಿಯೊದಲ್ಲಿ ಹಿಡಿದು ಮತ್ತೆ ಮತ್ತೆ ನೋಡಿದ. ದೀಪಗಳು ಐದೇ ಮಾದರಿಯಲ್ಲಿ ಓಡುತ್ತವೆ ಎಂದು ಕಂಡುಹಿಡಿದು 1,10,237 ಡಾಲರ್ ಗೆದ್ದ. ನಿಯಮ ಮುರಿದಿರಲಿಲ್ಲ, ಹಣ ಕೊಟ್ಟರು. 2001ರಲ್ಲಿ ಬ್ರಿಟನ್ನಿನ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ನಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದ ಮೇಜರ್ ಚಾರ್ಲ್ಸ್ ಇಂಗ್ರಾಂ ಮೇಲೆ ಕೆಮ್ಮಿನ ಸಂಕೇತದಿಂದ ಉತ್ತರ ಪಡೆದ ಆರೋಪ ಬಂತು. 2003ರಲ್ಲಿ ಅಪರಾಧ ಸಾಬೀತೆಂದು ತೀರ್ಪಾಯಿತು, ಬಹುಮಾನ ಕೈಗೆ ಬರಲೇ ಇಲ್ಲ. ತಾನು ನಿರಪರಾಧಿ ಎಂದು ಅವರು ಹೇಳುತ್ತಲೇ ಬಂದಿದ್ದಾರೆ.

ಆ ಬ್ರಿಟಿಷ್ ಕಾರ್ಯಕ್ರಮವೇ 2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ ಭಾರತಕ್ಕೆ ಬಂದದ್ದು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗಳಿಗೆ ಬಂದದ್ದು. ನೋಡುಗರಿಗಿಂತ ಚುರುಕಾಗಿದ್ದುದು ತೆರಿಗೆ ಇಲಾಖೆ. ಅಮಿತಾಭ್ ಬಚ್ಚನ್ ಕುರ್ಚಿಯಲ್ಲಿ ಕೂತು ವರ್ಷ ತುಂಬುವ ಮೊದಲೇ 2001ರ ಹಣಕಾಸು ಕಾಯ್ದೆ ಟಿವಿ ಗೇಮ್ ಶೋಗಳನ್ನೂ ಹೆಸರಿಸಿ ಲಾಟರಿ, ಇಸ್ಪೀಟುಗಳ ಸಾಲಿಗೆ ಸೇರಿಸಿತು. ಗೆದ್ದ ಹಣಕ್ಕೆ ನೇರವಾಗಿ ಶೇ 30 ತೆರಿಗೆ, ಮೇಲೆ ಸೆಸ್. ಮೊತ್ತ 50 ಲಕ್ಷ ಮೀರಿದರೆ ಸರ್ಚಾರ್ಜು ಬೇರೆ. ಒಂದು ಕೋಟಿಯಲ್ಲಿ ಹೀಗೆ 34 ಲಕ್ಷಕ್ಕೂ ಹೆಚ್ಚು ಕಳೆಯುತ್ತದೆ. ನಿಮಗೆ ಬೇರೆ ಆದಾಯವೇ ಇಲ್ಲದಿದ್ದರೂ ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸದು, ಓಡಾಟದ ಖರ್ಚನ್ನೂ ಕಳೆಯಲು ಬಿಡರು. ಬಹುಮಾನ ಕಾರಾಗಿದ್ದರೆ ಅದರ ಬೆಲೆಯ ಮೇಲಿನ ತೆರಿಗೆ ಕಟ್ಟಿದ ಮೇಲೆಯೇ ಕೀಲಿ ಕೈಗೆ ಬರುವುದು. ಸಾಲ ತೀರಿಸುವ ಲೆಕ್ಕ ಹಾಕಿಕೊಂಡು ಹೋಗುವವರು ಈ ಲೆಕ್ಕವನ್ನೂ ಹಾಕಿಕೊಂಡಿರಬೇಕು. ಸಹಿ ಹಾಕುವ ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ಓದಿಸಿಕೊಳ್ಳಬೇಕು. ಸಂಕಲನದ ಹಕ್ಕು ಯಾರದು, ಹಣ ಬರುವುದು ಪ್ರಸಾರಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಲು ನಾಚಿಕೆ ಬೇಡ. (ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕಗಳು. ಅಲ್ಲಿ ಈ ರಗಳೆ ಯಾವುದೂ ಇಲ್ಲ!)

ಗೆದ್ದ ಮೇಲಿನ ಬದುಕಿನ ಬಗ್ಗೆ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ತಾವೇ ಬರೆದಿದ್ದಾರೆ. ನರೇಗಾ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಅವರು 2011ರಲ್ಲಿ ಕೆಬಿಸಿಯಲ್ಲಿ 5 ಕೋಟಿ ಗೆದ್ದರು. 2020ರಲ್ಲಿ ಫೇಸ್‌ಬುಕ್ಕಿನಲ್ಲಿ ಹಾಕಿದ ದೀರ್ಘ ಬರಹದಲ್ಲಿ ಅವರು ಹೇಳಿಕೊಂಡಂತೆ, ತಿಂಗಳಲ್ಲಿ ಹತ್ತಾರು ಕಾರ್ಯಕ್ರಮಗಳಿಗೆ ಅತಿಥಿಯಾಗಿ ಓಡಾಡಿ ಓದು ಹಿಂದೆ ಬಿತ್ತು. ಗುಪ್ತದಾನ ಕೇಳಿಕೊಂಡು ಬಂದವರಲ್ಲಿ ಎಷ್ಟೋ ಮಂದಿ ಮೋಸಗಾರರಾಗಿದ್ದರು. ಕುಡಿತ ಹತ್ತಿತು, ಸಂಸಾರದಲ್ಲಿ ಜಗಳವಾಯಿತು. ಒಮ್ಮೆ ವರದಿಗಾರರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ರೇಗಿ, ದುಡ್ಡೆಲ್ಲ ಖಾಲಿಯಾಗಿದೆ, ಎರಡು ಹಸು ಸಾಕಿಕೊಂಡು ಹಾಲು ಮಾರುತ್ತಿದ್ದೇನೆ ಎಂದುಬಿಟ್ಟರು. ಅದೇ ದೇಶವಿಡೀ ಸುದ್ದಿಯಾಯಿತು. ಕಾರ್ಯಕ್ರಮಗಳಿಗೆ ಕರೆಯುತ್ತಿದ್ದವರು ಅಂದಿನಿಂದ ಕರೆಯುವುದನ್ನು ಬಿಟ್ಟರು. ತನಗೆ ಉಸಿರಾಡಲು, ಮುಂದೇನು ಎಂದು ಯೋಚಿಸಲು ಬಿಡುವು ಸಿಕ್ಕಿದ್ದು ಆಗಲೇ ಎಂದು ಅವರು ಬರೆದಿದ್ದಾರೆ. ಕುಡಿತ ಬಿಟ್ಟರು. ಚಂಪಾರಣ್ ಜಿಲ್ಲೆಯ ಹೆಸರಿಗೆ ತಕ್ಕಂತೆ ಊರೂರು ತಿರುಗಿ ಸಂಪಿಗೆ ಸಸಿ ನೆಟ್ಟರು. 2023ರಲ್ಲಿ ಬಿಹಾರದ ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದು ಪಾಸಾದರು.