ಮುದ್ದೇನಹಳ್ಳಿಯ ಕನಸು, ಗುಜರಿಯ ಎಂಜಿನ್

ಲಾರಿ ಗುಜರಿ ಸೇರಿತೆಂದರೆ ಅದರ ಆಯುಸ್ಸು ತೀರಿತೆಂದೇ ಲೆಕ್ಕ. ಆದರೆ ಎಂಜಿನ್ನಿನ ಮಟ್ಟಿಗೆ ಈ ಮಾತು ಪೂರ್ತಿ ನಿಜವಲ್ಲ. ಬೆಂಗಳೂರಿನ ಶಿವಾಜಿನಗರದಂತಹ ಗುಜರಿ ಪೇಟೆಗಳಲ್ಲಿ ಕಳಚಿದ ಭಾಗಗಳು ಮತ್ತೊಂದು ಗಾಡಿಗೆ ಸೇರಿ ಮರುಹುಟ್ಟು ಪಡೆಯುತ್ತವೆ.

ಅಮೆರಿಕದ ಕೆಲವು ಗುಜರಿ ಅಂಗಳಗಳಲ್ಲಿ ಗಿರಾಕಿಯೇ ಸ್ಪ್ಯಾನರ್ ಹಿಡಿದು ತನಗೆ ಬೇಕಾದ ಭಾಗವನ್ನು ಬಿಚ್ಚಿಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಈ ಕೆಲಸ ವ್ಯಾಪಾರಿಯ ಆಳುಗಳದು. ವಿಧಾನ ಮಾತ್ರ ಎರಡೂ ಕಡೆ ಒಂದೇ. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಆಯಿಲ್, ನೀರು ಇಳಿಸಬೇಕು. ಬಳಿಕ ರೇಡಿಯೇಟರ್, ಡೀಸೆಲ್ ಪೈಪು, ಸೈಲೆನ್ಸರ್ ಕೊಳವೆಗಳನ್ನು ಬಿಚ್ಚಿ, ಗೇರ್ ಬಾಕ್ಸ್ ಬೇರ್ಪಡಿಸಬೇಕು. ನಾಲ್ಕೈದು ಕ್ವಿಂಟಲ್ ತೂಗುವ ಎಂಜಿನ್ನಿನ ಭಾರವನ್ನು ಸರಪಳಿ ರಾಟೆ ಹೊತ್ತ ಮೇಲೆಯೇ ಮೌಂಟಿಂಗ್ ಬೋಲ್ಟುಗಳಿಗೆ ಕೈ ಹಾಕುವುದು. ಕೊಳ್ಳುವವನು ಕ್ರ್ಯಾಂಕ್ ತಿರುಗುತ್ತದೆಯೇ, ಬ್ಲಾಕ್ ಸೀಳಿದೆಯೇ ಎಂದು ನೋಡುತ್ತಾನೆ.

ಈ ಹಳೆಯ ಎಂಜಿನ್ನುಗಳಿಗೆ ಇಷ್ಟು ಬೆಲೆ ಬಂದುದರ ಹಿಂದೆ ಒಂದು ಚರಿತ್ರೆಯೇ ಇದೆ. ಅದರ ಒಂದು ಎಳೆ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಗೆ ಹೋಗುತ್ತದೆ. ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಮೋಟಾರು ಗಾಡಿ ಭಾರತದಲ್ಲೇ ತಯಾರಾಗಬೇಕೆಂಬುದು ಅವರ ಹಂಬಲ. ಇದಕ್ಕಾಗಿ 1935ರಲ್ಲಿ ಯೂರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಜತೆಗೂಡಿದರು. ಮೈಸೂರು ಸರ್ಕಾರವೂ ಒಲವು ತೋರಿತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಲಿಲ್ಲ. 1940ರಲ್ಲಿ ವಾಲಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅವರ ಮೋಟಾರು ಕಂಪನಿ ಪ್ರೀಮಿಯರ್ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ.

ಸ್ವಾತಂತ್ರ್ಯಾನಂತರ ವಿದೇಶಿ ಗಾಡಿಗಳ ಬಿಡಿಭಾಗ ತಂದು ಇಲ್ಲಿ ಜೋಡಿಸುವ ಪದ್ಧತಿಗೆ ಸರ್ಕಾರ ತಡೆ ಹಾಕಿತು. ಇಲ್ಲೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವೆಂಬ ನೀತಿ 1953ರಲ್ಲಿ ಬಂದಾಗ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರನಡೆದವು. ರಸ್ತೆಯಲ್ಲಿದ್ದ ಅವುಗಳ ಲಾರಿಗಳಿಗೆ ಹೊಸ ಭಾಗ ಸಿಗುವುದು ಕಷ್ಟವಾಯಿತು. ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸುವ ರೂಢಿಯೂ ಬೆಳೆಯಿತು. 1954ರಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಜಮ್‌ಶೆಡ್‌ಪುರದಿಂದ ಹೊರಬಂದವು. ಆದರೂ ಲೈಸೆನ್ಸ್ ಕಾಲದಲ್ಲಿ ಉತ್ಪಾದನೆಗೆ ಮಿತಿಯಿತ್ತು. ಹೊಸದು ಬೇಗ ಕೈಗೆಟುಕದಿದ್ದಾಗ ಹಳತನ್ನೇ ಬದುಕಿಸುವ ಕೈಚಳಕ ಮೆಕ್ಯಾನಿಕ್ಕುಗಳಿಗೆ ಅನಿವಾರ್ಯವಾಯಿತು. ಶಾಲೆಯ ಮೆಟ್ಟಿಲು ಹತ್ತದವರೂ ಗುರುವಿನ ಪಕ್ಕದಲ್ಲಿ ನಿಂತು ಈ ವಿದ್ಯೆ ಕಲಿತರು.

ವಿಶ್ವೇಶ್ವರಯ್ಯನವರು ಬಯಸಿದ್ದಕ್ಕಿಂತ ಬಹಳ ತಡವಾಗಿ, 1998ರಲ್ಲಿ, ಹೊಸಕೋಟೆಯಲ್ಲಿ ವೋಲ್ವೊ ಲಾರಿ ಕಾರ್ಖಾನೆ ಆರಂಭವಾಯಿತು.

ಗುಜರಿ ವ್ಯಾಪಾರಕ್ಕೆ ಕರಾಳ ಮುಖವೂ ಉಂಟು. ಕದ್ದ ಗಾಡಿಯ ಭಾಗಗಳೂ ಇದೇ ದಾರಿ ಹಿಡಿಯಬಹುದು. ಆದ್ದರಿಂದ ಎಂಜಿನ್ ನಂಬರು ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗಬೇಕು, ಎಂಜಿನ್ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯಂತೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ನೋಂದಾಯಿತ ಗುಜರಿ ಕೇಂದ್ರಗಳಿಗೆ 2021ರಲ್ಲಿ ನಿಯಮಗಳು ಬಂದಿವೆ. ಹೊಗೆಯುಗುಳುವ ಗಾಡಿ ರಸ್ತೆಯಿಂದ ಸರಿಯುವುದು ಒಳ್ಳೆಯದೇ. ಆದರೆ ಬಿಚ್ಚಿ, ಆರಿಸಿ, ಮತ್ತೆ ಬಳಸುವ ಕೈಗಳ ತಿಳಿವಳಿಕೆಯೂ ಕಬ್ಬಿಣದ ರಾಶಿಯೊಡನೆ ಕರಗಿಹೋದರೆ ಅದು ನಷ್ಟವೇ ಸರಿ.